ಮದಿವಿಗೆ ಅಡ್ಡಬಂದ ಗುಂಯ್

ಸ್ವಂತ ಕೈಲೆ ಆಂಪ್ಲಿಫೈಯರ್ ಕಟ್ಟೂ ಮನಷ್ಯಾಗ ಇಂಥಾವು ಆಗೂದು ತಪ್ಪೂದಿಲ್ರಿ. ಒಂದು ತಂತಿ ಹಚ್ಚಿದ್ರ ಒಂದು ಪ್ರಸಂಗ, ಒಂದು ಸ್ಕ್ರೂ ಬಿಗದ್ರ ಇನ್ನೊಂದು. ತೊಂಬತ್ತರ ದಶಕದಾಗ ಇಂಡಿ ಬಸ್ ಸ್ಟ್ಯಾಂಡಿನ ಹಿಂದ, ನಿಂಬಿಹಣ್ಣಿನ ಚೀಲ ಏರಿಸೂ ಟೆಂಪೋಗಳ ಮಗ್ಗಲಕ ನಂದೊಂದು ಡಬ್ಬಾ ಅಂಗಡಿ ಇತ್ತು. ಟೇಪು, ರೇಡಿಯೋ ರಿಪೇರಿ ನನ್ನ ಹೊಟ್ಟೀಪಾಡು. ಆಂಪ್ಲಿಫೈಯರ್ ಕಟ್ಟೂದು ನನ್ನ ಹುಚ್ಚು. ಎರಡರಾಗ ಯಾವುದು ಯಾವುದನ್ನ ಸಾಕ್ತಿತ್ತು ಅನ್ನೂದು ನನಗ ಇನ್ನೂ ತಿಳದಿಲ್ಲ.

ಈಗ ಹೇಳೂವೆಲ್ಲಾ ಒಂದ ವರ್ಷದಾಗ ಆದವು. ಆ ವರ್ಷ ನನ್ನ ಮದಿವಿ ಜಾತಕದ ಮ್ಯಾಲ ನಿಂತಿರಲಿಲ್ಲ, ಹೊಲಮನಿ ಮ್ಯಾಲೂ ನಿಂತಿರಲಿಲ್ಲ. ನಾನ ಕಟ್ಟಿದ ಒಂದು ಆಂಪ್ಲಿಫೈಯರ್ ಪೆಟಗಿ ಒಳಗಿಂದ 'ಗುಂಯ್' ಅಂತ ಒಂದು ಸಪ್ಪಳ ಬರ್ತಿತ್ತು, ಅದರ ಮ್ಯಾಲ ನಿಂತಿತ್ತು. ಅದು ನಿಂತ್ರ ಮದಿವಿ, ನಿಲ್ಲದಿದ್ರ ಇಲ್ಲ. ಹುಡಗಿ ನನಗ ಮನಸಿಗೆ ಬಂದಿದ್ಲು, ಸುಳ್ಳ ಯಾಕ ಹೇಳ್ಲಿ. ಆದ್ರ ಗುಂಯ್‌ಗೆ ಅದು ಹೆಂಗ ಗೊತ್ತಾಗಬೇಕು?

೧. ದರ್ಜಿಯ ಧೂಪ

ಇದರ ಮೂಲ ಒಂದು ಕರೇ ಬಿಲ್ಲಿ. ರೆಗ್ಯುಲೇಟರ್ ಅಂತಾರ. ಹೆಬ್ಬೆಟ್ಟಿನ ಉಗುರಿನಷ್ಟು ಇರತೈತಿ. ಮೂರು ಕಾಲು, ಬೆನ್ನಿಗೊಂದು ತಗಡು, ತಗಡಿಗೊಂದು ತೂತು. ಏರಿಳಿಯೂ ಕರೆಂಟನ್ನ ಹದಕ್ಕ ತಂದು ಕೊಡೂದು ಅದರ ಕೆಲಸ. ಕೆಲಸಾ ಮಾಡಿ ಮಾಡಿ ಕಾಯತೈತಿ. ಆ ಕಾವು ಹೋಗಲಿ ಅಂತ ಬೆನ್ನಿನ ತಗಡನ್ನ ಪೆಟಗಿಯ ಕಬ್ಬಿಣದ ಮೈಗೆ, ಅಂದ್ರ ಚಾಸಿಗೆ, ಸ್ಕ್ರೂ ಹಾಕಿ ಬಿಗೀತೇವಿ.

ಸೊಲ್ಲಾಪುರದಾಗ ಸಾಮಾನು ಕೊಡಾಂವ ನನಗ ಹೇಳಿದ್ದ: "ಬೆನ್ನಿನ ತಗಡು ಅರ್ಥ್ ಇರತೈತಿ. ಬಿಂದಾಸ್ ಬಿಗಿ."

ಅರ್ಥ್ ಅಂದ್ರ ಕರೆಂಟ್ ಇಲ್ಲದ ನೆಲದ ತಂತಿ; ಪೆಟಗಿಗೆ ಇಂಥಾ ಬಿಲ್ಲಿ ಎರಡು, ಪ್ಲಸ್ಸಿಗೊಂದು ಮೈನಸ್ಸಿಗೊಂದು. ಪ್ಲಸ್ ಕರೆಂಟಿನ ಬಿಲ್ಲಿಗೆ ಆ ಮಾತು ಖರೆ. ಮೈನಸ್ ಕರೆಂಟಿನ ಬಿಲ್ಲಿಗೆ ಪೂರಾ ಸುಳ್ಳು; ಅದರ ಬೆನ್ನಿನ್ಯಾಗ ಹಸೀ ಕರೆಂಟು ಹರೀತಿರತೈತಿ. ನೋಡಾಕ ಎರಡೂ ಅವಳಿ ಜವಳಿ. ಅದ ಬಣ್ಣ, ಅದ ಕಾಲು, ಅದ ತಗಡು. ಒಂದರ ಬೆನ್ನ ಮುಟ್ಟಿದ್ರ ಏನೂ ಇಲ್ಲ, ಇನ್ನೊಂದರ ಬೆನ್ನ ಚಾಸಿಗೆ ಮುಟ್ಟಿದ್ರ ಎಲ್ಲಾ ಖಲ್ಲಾಸ್. ಇದನ್ನ ಮಾಡಿದವ್ರು ಯಾವ ಜನ್ಮದ ಸೇಡು ತೀರಿಸಿಕೊಂಡ್ರೋ ಏನೋ.

ಮುದ್ದೇಬಿಹಾಳದ ಒಬ್ಬ ದರ್ಜಿ ಅಂಗಡ್ಯಾಗ ಹಾಡು ಹಚ್ಚಾಕ ಒಂದು ಆಂಪ್ಲಿಫೈಯರ್ ಮಾಡಿಸಿಕೊಂಡ. ನಾನು ಎರಡೂ ಬಿಲ್ಲಿ ಬಿಂದಾಸ್ ಬಿಗದು, ಹೊತಗೊಂಡು ಹೋಗಿ ಸ್ವಿಚ್ ಹಾಕಿದ್ನಿ. ಫ್ಯೂಜು ಟಪ್ ಅಂತು. ಇನ್ನೊಂದು ಹಾಕಿದ್ನಿ. ಟಪ್. ಮೂರನೇದು ತರಾಕ ನಾ ಪ್ಯಾಟಿಗೆ ಹೋದ್ನಿ. ಬರೂದರಾಗ ದರ್ಜಿ ತನ್ನ ಬುದ್ಧಿ ಓಡಿಸಿದ್ದ. ಫ್ಯೂಜಿನ ಜಾಗಾದಾಗ ಹೊಲಿಗಿ ಮಷೀನಿನ ಸೂಜಿ ಇಟ್ಟು ಸ್ವಿಚ್ ಹಾಕಿದ್ದ.

ಸೂಜಿ ಎಲ್ಲಿ ಸುಡತೈತ್ರಿ? ಉಳದದ್ದೆಲ್ಲಾ ಸುಡ್ತು. ಅಂಗಡಿ ತುಂಬ ಹೊಗಿ. ಅದ ಹೊತ್ತಿಗೆ ಒಬ್ಬ ಮದುಮಗನ ಕೋಟು ಒಯ್ಯಾಕ ಆ ಮದುಮಗನ ಅಪ್ಪ ಬಂದ. ನಾ ಬಾಗ್ಲ ಹಿಂದ ಸರದ್ನಿ. ಆ ಹಿರಿಯಾ ಹೊಗಿ ನೋಡಿ, ಕೋಟು ಮೂಸಿ, ಎರಡೂ ಕೈ ಜೋಡಿಸಿದ. "ಧೂಪಾ ಹಾಕಿ ಅರಬಿ ಕೊಡೂ ದರ್ಜೀನ್ನ ನಾ ಇವತ್ತ ನೋಡಿದೆ. ಭಾಳ ಚಲೋ ಪದ್ಧತಿ!" ಅಂದು ಖುಷೀಲೆ ಹೋದ.

ಪೆಟಗಿ ವಾಪಸ್ ತಂದು, ಸುಟ್ಟದ್ದೆಲ್ಲಾ ಬದಲಿಸಿ, ಮೈನಸ್ ಬಿಲ್ಲಿ ಬೆನ್ನಿಗೆ ಮೈಕಾ ಇಟ್ಟು ಪ್ಲಾಸ್ಟಿಕ್ ಸ್ಕ್ರೂಲೆ ಬಿಗದ್ನಿ. ಮೈಕಾ ಅಂದ್ರ ಕಾಗಿಬಂಗಾರದ ತೆಳ್ಳನ ಹಾಳಿ. ಕಾವು ಬಿಡತೈತಿ, ಕರೆಂಟು ಬಿಡೂದಿಲ್ಲ. ಅದರ ಎರಡೂ ಕಡೆ ಕಾವು ಚಲೋ ದಾಟಲಿ ಅಂತ ಬೆಳ್ಳನ ಪೇಸ್ಟು ಸವರಬೇಕು. ಇಷ್ಟೆಲ್ಲಾ ಮಾಡಿ ಒಯ್ದು ಕೊಟ್ಟೆ. ಹಾಡು ಛಂದ ಬಂತು. ದರ್ಜಿ ಪೆಟಗಿ ಸುತ್ತ ಎರಡ ಸಲ ಸುತ್ತಿದ.

"ಎಲ್ಲಾ ಬರೋಬ್ಬರಿ ಐತಿ. ಆ ಧೂಪದ್ದು ಸ್ವಿಚ್ ಯಾವುದು?"

೨. ಬೋಳ ಹಣಿ

ಮೈಕಾದ ವಿದ್ಯಾ ಕಲತ ಮ್ಯಾಲ ಇಂಗಳೇಶ್ವರದ ಒಂದು ಭಜನಿ ಮೇಳಕ್ಕ ಪೆಟಗಿ ಕಟ್ಟಿದ್ನಿ. ಮೇಳದ ಯಜಮಾನ್ರು ಒಕ್ಕಲುತನದವ್ರು, ದೊಡ್ಡ ದನಿ, ಮೆತ್ತನ ಮನಸು. ಅವರ ಬಲಕ್ಕ ಯಾವಾಗಲೂ ತಾಳಾ ಬಾರಿಸೂ ಒಬ್ಬ ಕಾಕಾ ಇರ್ತಿದ್ದ. ಸಣ್ಣ ದನಿ, ಬಿರುಸು ಮನಸು. ಮೇಳದ ಹಾರ್ಮೋನಿಯಂದ ಗಾಳಿ ಊದೂ ಭಾತಿ ಇಲಿ ಕಡದು, ಅದು ರಿಪೇರಿಗಂತ ಹೋದದ್ದು ವಾಪಸ್ ಬಂದಿರಲಿಲ್ಲ. "ಹಾರ್ಮೋನಿಯಂ ಇಲ್ಲದಿದ್ರೂ ನಡೀತೈತಿ, ಮೈಕಿಲ್ಲದ ಭಜನಿ ಭಜನೀನ ಅಲ್ಲ" ಅನ್ನೂದು ಅವರ ಲೆಕ್ಕ.

ಪೆಟಗಿ ಒಯ್ದು ಮುಚ್ಚಳಾ ತಗದು ತೋರಿಸಿದ್ನಿ. ಯಜಮಾನ್ರು ಬಗ್ಗಿ ನೋಡಿದ್ರು. ಮೈನಸ್ ಬಿಲ್ಲಿ ಸುತ್ತ ಬೆಳ್ಳನ ಪೇಸ್ಟು ಹೊರಗ ಒಸರಿತ್ತು. ಅವರ ಕಣ್ಣಾಗ ನೀರು ಬಂತು.

"ತಮ್ಮಾ, ಒಳಗೂ ವಿಭೂತಿ ಹಚ್ಚೀಯಲ್ಲೋ! ಯಾರಿಗೂ ಕಾಣಲಾರದ ಜಾಗಾದಾಗ!"

ನಾನು ಬಾಯಿ ತಗದ್ನಿ. ಅದು ವಿಭೂತಿ ಅಲ್ಲ, ಸೊಲ್ಲಾಪುರದ ಪೇಸ್ಟು ಅಂತ ಹೇಳಬೇಕಾಗಿತ್ತು. ಅಷ್ಟರಾಗ ಅವರ ಮಗಳು ಚಾ ತಂದ್ಲು. ಬಾಗೇವಾಡ್ಯಾಗ ಟೈಪಿಂಗ್ ಕಲೀತಿದ್ದ ಹುಡಗಿ. ನನ್ನ ತಗದ ಬಾಯಿ ನೋಡಿ ನಕ್ಕಳು. ನಾ ಬಾಯಿ ಮುಚ್ಚಿದ್ನಿ. ವಿಭೂತಿ ವಿಭೂತಿಯಾಗೇ ಉಳೀತು.

"ಇಂಥಾ ಹುಡುಗ ಸಿಗೂದು ಅಪರೂಪ. ನಮ್ಮ ಮನ್ಯಾಗೂ ವರಾ ನೋಡಾಕತ್ತೇವಿ" ಅಂದ್ರು ಯಜಮಾನ್ರು, ನನ್ನ ಕಡೆ ನೋಡಿ. ಅದ ಖುಷ್ಯಾಗ ಸ್ವಿಚ್ ಹಾಕಿದ್ನಿ.

"ಗುಂಯ್..."

ಮೈಕು ತಿರುವಿದ್ನಿ, ವೈರು ಅಲಗಾಡಿಸಿದ್ನಿ, ಪೆಟಗಿಗೆ ಒಂದು ಬಿಟ್ನಿ. ಗುಂಯ್ ಜಪ್ಪಯ್ಯ ಅನ್ನಲಿಲ್ಲ.

ತಾಳದ ಕಾಕಾ ತಾಳಾ ಕೆಳಗಿಟ್ಟ. "ಒಂದು ಡಬ್ಬಿ ಬಾಯಿ ಮುಚ್ಚಸಾಕ ಬರದವಗ ಹುಡಗಿ ಕೊಡ್ತೀರೇನು?"

ಯಜಮಾನ್ರು ಇಕ್ಕಟ್ಟಿನ್ಯಾಗ ಬಿದ್ರು. ವಿಚಾರ ಮಾಡಿ ಅಂದ್ರು, "ಆತು. ಷರತ್ತು ಇಟ್ಟ ಬಿಡೂಣು. ಗುಂಯ್ ನಿಲ್ಲಿಸು, ಅವತ್ತ ಸಕ್ಕರಿ ಹಂಚೂಣು." ಸಕ್ಕರಿ ಹಂಚಿದ್ರ ನಮ್ಮ ಕಡೆ ಸಂಬಂಧ ಗಟ್ಟಿ ಆದಂಗ.

ಆಮ್ಯಾಲ ಇನ್ನೊಮ್ಮೆ ಪೆಟಗ್ಯಾಗ ಬಗ್ಗಿ ನೋಡಿ ಕೇಳಿದ್ರು, "ಈ ಇನ್ನೊಬ್ಬಗ ಯಾಕ ಹಚ್ಚಿಲ್ಲ?"

"ಅದು ಪ್ಲಸ್ ರೀ. ಬೆನ್ನು ಅರ್ಥ್ ಇರತೈತಿ. ಅದಕ್ಕ ಬೇಕಾಗಿಲ್ರಿ."

"ನೋಡು ಮತ್ತ. ಒಬ್ಬನ ಹಣಿಗೆ ಹಚ್ಚೀದಿ, ಇನ್ನೊಬ್ಬನ್ನ ಬೋಳ ಹಣೀಲೆ ಕುಂದ್ರಸೀದಿ. ಅಂವ ಸಿಟ್ಟಾಗಿ ಗುಂಯ್ ಅನ್ನಾಕತ್ತಾನ."

ಎಲ್ಲಾರೂ ನಕ್ರು. ಎಲ್ಲಾರಕಿಂತ ಜೋರ ನಕ್ಕಾಂವ ನಾನು. ವಿದ್ಯಾವಂತ ನೋಡ್ರಿ.

೩. ಕ್ಲರ್ಕ್ ಸಾಹೇಬ್ರ ಪೆನ್ನು

ಆರು ತಿಂಗಳ ಪ್ರತಿ ಸೋಮವಾರ ಸಂಜಿ ಇಂಗಳೇಶ್ವರದ ಬಸ್ ಹತ್ತಿದ್ನಿ. ವೈರು ಬದಲಿಸಿದ್ನಿ, ಟ್ರಾನ್ಸ್‌ಫಾರ್ಮರ್ ತಿರುವಿ ಇಟ್ನಿ, ಕೆಪಾಸಿಟರ್ ಹೊಸಾವು ಹಾಕಿದ್ನಿ. ಗುಂಯ್ ಇದ್ದಂಗ ಇತ್ತು. ಅದರ ಜೋಡೀನ ಮೇಳ ಹಾಡ್ತಿತ್ತು. ಕರೆಂಟ ಹೋತಂದ್ರ ಭಜನಿ ಬಂದ್, ಚಾ ಸುರು. ಕರೆಂಟ ಬಂತಂದ್ರ ಗುಂಯ್ ಸುರು, ಭಜನಿ ಸುರು. ಚಾ ಕೊಡೂ ಮುಂದ ಹುಡಗಿ ಸಣ್ಣಗ ಕೇಳ್ತಿದ್ಲು, "ಇವತ್ತರ ನಿಲ್ಲತೈತೇನ್ರಿ?" ನಾನು ಹೂಂ ಅಂತಿದ್ನಿ. ಆರು ತಿಂಗಳದಾಗ ಆಕಿಗೆ ನಾ ಹೇಳಿದ ಸುಳ್ಳು ಅದೊಂದ, ಆದ್ರ ವಾರಕ್ಕೊಮ್ಮೆ ಹೇಳೇನಿ.

ಕಡೀಕ ಸಿಂದಗಿಗೆ ಹೋದ್ನಿ. ಅಲ್ಲೊಬ್ಬ ಉಸ್ತಾದ ಇದ್ದ, ವಾಲ್ವ್ ರೇಡಿಯೋ ಕಾಲದಾಂವ. ಅವನ ಅಂಗಡಿ ಬಾಕಿನ ಮ್ಯಾಲ ನಮ್ಮ ಇಂಡಿ ತಾಲೂಕ ಆಫೀಸಿನ ಒಬ್ಬ ಕ್ಲರ್ಕ್ ಸಾಹೇಬ್ರು ಕುಂತಿದ್ರು. ನನ್ನ ಅಂಗಡಿ ದಾಟಿ ಸಿಂದಗಿತನಕ ರೇಡಿಯೋ ತಂದಿದ್ರು. ಇಬ್ರಿಗೂ ಮಾರಿ ಎಲ್ಲಿಡಬೇಕು ತಿಳೀಲಿಲ್ಲ.

ಉಸ್ತಾದ ಎಲ್ಲಾ ಕೇಳಿ ಕಣ್ಣು ಸಣ್ಣ ಮಾಡಿದ. "ಪ್ಲಸ್ಸಿನ ಬೆನ್ನು ಅರ್ಥ್, ಹೌದಲ್ಲೋ?"

"ಹೌದ್ರಿ."

"ಚಾಸಿನೂ ಅರ್ಥ್?"

"ಹೌದ್ರಿ."

"ಎರಡೂ ಮುಟ್ಟಿದ್ರ ಏನ ಆಗತೈತಿ?"

"ಏನೂ ಆಗೂದಿಲ್ರಿ."

"ಅದಕ್ಕ ಗುಂಯ್ ಅಂತೈತಿ."

ನಾನು ತಲಿ ಕೆರಕೊಂಡ್ನಿ. ಬಾಕಿನ ಮ್ಯಾಲಿನ ಕ್ಲರ್ಕ್ ಸಾಹೇಬ್ರೂ ಕೆರಕೊಂಡ್ರು, ಅವರಿಗೇನ ಸಂಬಂಧ ಅಂತ ನನಗ ತಿಳೀಲಿಲ್ಲ.

"ನಿನ್ನ ಪೆಟಗ್ಯಾಗ ಅರ್ಥ್ ಅನ್ನೂದು ಮೈಕಿನ ತೂತಿನ ಹತ್ರ ಒಮ್ಮೆ ಚಾಸಿಗೆ ಹಚ್ಚೀದಿ. ಅದು ಒಂದು ಬಾಗ್ಲಾ. ಈ ಬಿಲ್ಲಿ ಬೆನ್ನು ಇನ್ನೊಂದು ಬಾಗ್ಲಾ. ಎರಡ ಬಾಗ್ಲಾ ತಗದ್ರ ಮನ್ಯಾಗ ಗಾಳಿ ಸುತ್ತೂದಿಲ್ಲೇನು? ಹಂಗ ಕರೆಂಟು ಸುತ್ತತೈತಿ. ಸುತ್ತಿ ಸುತ್ತಿ ಗುಂಯ್ ಅಂತೈತಿ. ಪ್ಲಸ್ಸಿಗೂ ಮೈಕಾ ಹಾಕು, ಒಂದು ಬಾಗ್ಲಾ ಮುಚ್ಚು."

ಅಂದ್ರ ಸುಡೂ ಬಿಲ್ಲಿಗೂ ಮೈಕಾ ಬೇಕು, ಸುಡಲಾರದ ಬಿಲ್ಲಿಗೂ ಮೈಕಾ ಬೇಕು. ಅಂದ್ರ ಯಜಮಾನ್ರು ಮೊದಲ ದಿನಾನ ಬೆರಳ ಇಟ್ಟು ಹೇಳಿದ್ರು, ಬೋಳ ಹಣಿಯಾಂವ ಸಿಟ್ಟಾಗ್ಯಾನ ಅಂತ. ಎಲ್ಲಾರಕಿಂತ ಜೋರ ನಕ್ಕಾಂವ ನಾನು.

"ಬರೇ ಮೈಕಾ ಇಟ್ರ ಸಾಲೂದಿಲ್ಲ" ಅಂದ ಉಸ್ತಾದ. "ನಡಬರಕ ಹೋಗೂ ಕಬ್ಬಿಣದ ಸ್ಕ್ರೂ ಬೆನ್ನನ್ನೂ ಚಾಸಿನ್ನೂ ಮುಟ್ಟಿಸಿ ಬಿಡತೈತಿ. ಸ್ಕ್ರೂಕ್ಕ ಪ್ಲಾಸ್ಟಿಕ್ ಅಂಗಿ ಬೇಕು." ಅತ್ತಿತ್ತ ನೋಡಿ, ಕ್ಲರ್ಕ್ ಸಾಹೇಬ್ರ ಕಿಸೆದಾಗಿನ ಪೆನ್ನು ಎಳದು, ರಿಫಿಲ್ ತಗದು, ಕಚಕ್ ಅಂತ ಒಂದು ತುಣುಕು ಕತ್ತರಿಸಿದ. ಮೂವರ ಕೈಗೂ ಶಾಯಿ.

"ಅದು ಹೊಸಾದ್ರೀ!" ಅಂದ್ರು ಸಾಹೇಬ್ರು.

"ಹೊಸಾದ ಬೇಕು. ಹಳೇದು ಬಗ್ಗಿರತೈತಿ."

ಮುಂದ ಒಂದು ಕಾಗದಾ ಬೇಕಾಗಿ ನಾನು ಅವರ ಆಫೀಸಿಗೆ ಹೋದ್ನಿ. ಸಾಹೇಬ್ರು ಕಾಗದಾ ತಯಾರ ಮಾಡಿ ಟೇಬಲ್ ಮ್ಯಾಲ ಇಟ್ರು, ಕೈ ಕಟಗೊಂಡು ಕುಂತ್ರು.

"ಸಹಿ ಆಗಬೇಕ್ರಿ" ಅಂದ್ನಿ.

"ಪೆನ್ನಿಲ್ಲ. ನಿನ್ನ ಪೆಟಗಿ ತಗೊಂಡ ಬಾ, ಅದರಾಗ ಐತಿ."

೪. ಕುಂಚಗಿ

ರಿಫಿಲ್ ತುಣುಕು ಸಿಕ್ತು. ಇನ್ನ ಮೈಕಾ ಒಂದ ಬೇಕು. ಮನ್ಯಾಗ ಟ್ರಂಕಿನ ಮ್ಯಾಲ ಒಂದು ಪುಡಕಿ ತುಂಬ ಇಟ್ಟಿದ್ನಿ. ರವಿವಾರ ಹೋಗಿ ನೋಡ್ತೇನಿ, ಪುಡಕಿ ಖಾಲಿ. ಮರುದಿನ ಸೋಮವಾರ. ಈ ಸೋಮವಾರ ಗುಂಯ್ ನಿಲ್ಲಿಸಾಕ ಬೇಕು, ಯಾಕಂದ್ರ ತಾಳದ ಕಾಕಾ ನಾಲತವಾಡದ ಕಡಿಂದ ಇನ್ನೊಂದು ವರಾ ತರಾಂವ ಇದ್ದ. ಆ ವರಾ ಪೆಟಗಿ ಕಟ್ಟಾಂವ ಅಲ್ಲ, ಅಂದ್ರ ಅವನಿಂದ ಯಾವ ಸಪ್ಪಳಾನೂ ಬರೂದಿಲ್ಲ.

ಅವತ್ತ ಮನ್ಯಾಗ ಅಣ್ಣನ ಕೂಸಿನ ಹೆಸರಿಡೂ ಕಾರ್ಯಕ್ರಮ. "ವೈನಿ, ಆ ಪುಡಕ್ಯಾಗಿನ ಮೈಕಾ ಎಲ್ಲಿ?" ಅಂದ್ನಿ.

"ಆ ಮಿಂಚೂ ಬಿಲ್ಲಿ? ಕುಂಚಗಿಗೆ ಹಚ್ಚೇನಿ. ಹೊಲ್ಯಾಕ ತೂತೂ ಇತ್ತು, ಯಾರೋ ಪುಣ್ಯಾತ್ಮ ಮೊದಲ ಕೊರದಿಟ್ಟಿದ್ದ."

ತೊಟ್ಟಲಾ ನೋಡಿದ್ನಿ. ಕೂಸಿನ ತಲಿ ಮ್ಯಾಲ, ಕುಂಚಗಿ ಟೊಪಗಿ ಅಂಚಿಗೆ, ಸಾಲು ಹಿಡದು ನನ್ನ ಮೈಕಾ ಮಿಂಚಾಕತ್ತಿದ್ವು. ಮದಿವಿ ಕೂಸಿನ ತಲಿ ಮ್ಯಾಲ ಕುಂತಿತ್ತು.

ಹೆಣಮಕ್ಕಳು ಜೋಗುಳಾ ಹಾಡೂದರಾಗ ಮೈಮರತಿದ್ರು. ನಾನು ಸಣ್ಣ ಕತ್ರಿ ಮುಟಿಗ್ಯಾಗ ಮುಚ್ಚಿಟಗೊಂಡು ತೊಟ್ಟಲದಾಗ ಬಗ್ಗಿದ್ನಿ. ಒಂದು ದಾರಾ ಕತ್ತರಿಸಿ ಒಂದು ಮೈಕಾ ಕೈಗೆ ಬಂದದ್ದೇ ತಡ, ಬೆನ್ನ ಮ್ಯಾಲ ಧಡ್ ಅಂತ ಒಂದು ಬಿತ್ತು. ಹಿಂದ ಇನ್ನೊಂದು. ಆಮ್ಯಾಲ ಹತ್ತು ಕೈ ಒಮ್ಮಿಲೆ.

ನಮ್ಮ ಪದ್ಧತಿ ನನಗ ಮರತ ಹೋಗಿತ್ರಿ. ಬಗ್ಗಿ ಕೂಸಿನ ಕಿವ್ಯಾಗ ಯಾರು ಹೆಸರು ಹೇಳ್ತಾರೋ ಅವರ ಬೆನ್ನಿಗೆ ಎಲ್ಲಾರೂ ಗುದ್ದಬೇಕು. ಸೋದರತ್ತಿ ಹೇಳಬೇಕಾದ ಹೆಸರು, ಕೂಸಿನ ಕಾಕಾ ಆದಾಂವ ಮುಂಚೆ ಹೇಳಾಕ ನುಗ್ಗ್ಯಾನ ಅಂತ ಆ ಸೋದರತ್ತಿಗೆ, ಅಂದ್ರ ನಮ್ಮ ಅಕ್ಕಗ, ಸಿಟ್ಟು. ಆಕೀ ಗುದ್ದು ಉಳದವ್ರ ಗುದ್ದಿಗಿಂತ ಬ್ಯಾರೇನ ಇತ್ತು.

"ಏನು ಹೆಸರು ಹೇಳಿದಿ? ಹೇಳು, ಏನು ಹೆಸರು?" ಅಂತ ಎಲ್ಲಾರೂ ಮುಗಿಬಿದ್ರು. ಗುದ್ದು ತಿಂದ ಮನಷ್ಯಾನ ಬಾಯಾಗ ಖರೇನ ಬರತೈತಿ.

"ಮೈಕಾ!" ಅಂದ್ನಿ.

ಜಾತಕ ನೋಡಿ ಇಟ್ಟ ಹೆಸರು ಬ್ಯಾರೆ ಐತಿ. ಆದ್ರ ಕಿವ್ಯಾಗ ಮೊದಲ ಬಿದ್ದದ್ದ ಖರೆ ಅಂತ ನಮ್ಮ ಅವ್ವ ಕಡೀತನಕ ಆ ಮೊಮ್ಮಗಳನ್ನ "ಏ ಮೈಕಾ, ಉಣ್ಣಾಕ ಬಾ" ಅಂತಾನ ಕರದ್ಲು.

೫. ನಿಂತದ್ದು

ಸೋಮವಾರ ಸಂಜಿ. ಬೆನ್ನು ಬಾತಿತ್ತು. ಮೇಳದ ಮುಂದ ಪೆಟಗಿ ಬಿಚ್ಚಿ, ಬೋಳ ಹಣಿಯವಗ ಮೈಕಾ ಇಟ್ಟು, ಪೇಸ್ಟು ಸವರಿ, ಕ್ಲರ್ಕ್ ಸಾಹೇಬ್ರ ರಿಫಿಲ್ಲಿನ ಅಂಗಿ ತೊಡಿಸಿ, ಸ್ಕ್ರೂ ಬಿಗದ್ನಿ. "ಈಗ ಸಮ ಆತು ನೋಡು, ಇಬ್ರಿಗೂ ವಿಭೂತಿ" ಅಂದ್ರು ಯಜಮಾನ್ರು. ತಾಳದ ಕಾಕಾ ನಾಲತವಾಡದ ವರದ ಫೋಟೋ ಕಿಸೆದಾಗ ಇಟಗೊಂಡು ಕುಂತಿದ್ದ. ಯಜಮಾನ್ರ ಮಗಳು ಬಾಗ್ಲದಾಗ ನಿಂತಿದ್ಲು. ಒಂದು ತಾಟಿನ್ಯಾಗ ಸಕ್ಕರಿ ಇತ್ತು. ಯಾರು ಇಟ್ರೋ ನನಗ ಗೊತ್ತಿಲ್ಲ, ಆದ್ರ ಆಕಿ ಕೈಗೆ ನಾಕು ಹಳಕು ಹತ್ತಿದ್ವು.

ಸ್ವಿಚ್ ಹಾಕಿದ್ನಿ.

ಏನೂ ಇಲ್ಲ. ಗುಂಯ್ ಇಲ್ಲ, ಗಿಂಯ್ ಇಲ್ಲ.

"ಸತ್ತಿತೇನೋ?" ಅಂದ್ರು ಯಜಮಾನ್ರು ಮೈಕಿನ್ಯಾಗ. ಅವರ ದನಿ ಓಣಿ ತುಂಬ ಗುಡುಗಿತು. ಎಲ್ಲಾರೂ ಬೆಚ್ಚಿಬಿದ್ರು. ಆರು ತಿಂಗಳ ಮ್ಯಾಲ ಪೆಟಗಿ ಬಾಯಿ ಮುಚ್ಚಿತ್ತು. ನನಗ ಅಳು ಬಂದಂಗ ಆತು, ಖರೇನ.

"ಒಂದು ಪದಾ ಹಾಡಿ ಸಕ್ಕರಿ ಹಂಚೂಣು" ಅಂದು ಯಜಮಾನ್ರು ಕಣ್ಣು ಮುಚ್ಚಿ ದನಿ ತಗದ್ರು.

ದನಿ ಮ್ಯಾಲ ಹೋತು. ಹಿಂದಿನವ್ರು ಕೆಳಗ ಹಿಡದ್ರು. ಡಗ್ಗಾ ಬಾರಸಾಂವ ನಡಬರಕ ಎಲ್ಲೋ ಸಿಕ್ಕೊಂಡ. ಒಬ್ಬೊಬ್ರದು ಒಂದೊಂದು ದಿಕ್ಕು. ನಿಲ್ಲಿಸಿ ಮತ್ತ ಸುರು ಮಾಡಿದ್ರು. ಈ ಸಲ ಯಜಮಾನ್ರು ಕೆಳಗ ಹೋದ್ರು, ಉಳದವ್ರು ಅವರನ್ನ ಹುಡಕ್ಕೋತ ಮ್ಯಾಲ ಹೋದ್ರು. ಕಟ್ಟಿ ಮ್ಯಾಲ ದಿನಾ ಮಲಗೂ ನಾಯಿ ಎದ್ದು, ಒಮ್ಮೆ ಎಲ್ಲಾರ ಮಾರಿ ನೋಡಿ, ಹೋತು.

"ಏನ ಮಾಡೀದಿ ಪೆಟಗಿಗೆ?" ಅಂದ ತಾಳದ ಕಾಕಾ.

"ಏನೂ ಇಲ್ರಿ, ಗುಂಯ್ ತಗದೇನಿ."

"ಮತ್ತ ನಮ್ಮ ದನಿ ಯಾಕ ಕೆಡ್ತು?"

ಪೆಟಗಿ ಸುದ್ದ ಐತಿ, ಹಾಡು ಕೆಟ್ಟೈತಿ. ಯಾವ ಬಿಲ್ಲಿ ಬೆನ್ನು ಎಲ್ಲಿ ಮುಟ್ಟಿತೋ ದೇವರ ಬಲ್ಲ.

ಯಜಮಾನ್ರು ಪೆಟಗಿ ಮೈಗೆ ಕಿವಿ ಹಚ್ಚಿದ್ರು. ಆಮ್ಯಾಲ ಮೆಲ್ಲಕ ಅಂದ್ರು, "ತಮ್ಮಾ, ಮೊದಲ ಒಳಗ ಒಬ್ಬ ದನಿ ಹಿಡಕೊಂಡು ಕುಂದರ್ತಿದ್ದ. ಅವನ ದನಿಗೆ ನಾ ನನ್ನ ದನಿ ಕೂಡಸ್ತಿದ್ನಿ. ಅಂವ ಎಲ್ಲಿ ಹೋದ?"

ಆಗ ನನ್ನ ತಲ್ಯಾಗ ಬೆಳಕು ಬಿತ್ರಿ. ಹಾರ್ಮೋನಿಯಂ ರಿಪೇರಿಗೆ ಹೋಗಿತ್ತು. ಆರು ತಿಂಗಳ ಇಡೀ ಮೇಳ ನನ್ನ ಗುಂಯ್ ಹಿಡದು ಸುರುತಿ ಕೂಡಿಸಿತ್ತು. ಬೈಕೋತ ಬೈಕೋತ ಕೂಡಿಸಿತ್ತು.

"ಹಚ್ಚು ಅದನ್ನ ವಾಪಸ್" ಅಂದ್ರು ಯಜಮಾನ್ರು.

"ಏನನ್ರಿ?"

"ಗುಂಯ್ ಹಚ್ಚೋ ಮಾರಾಯಾ!"

ಸ್ಕ್ರೂ ಬಿಚ್ಚಿದ್ನಿ. ಗುದ್ದು ತಿಂದು ತಂದ ಮೈಕಾ ತಗದ್ನಿ. ಬಿಲ್ಲಿ ಬೆನ್ನು ಚಾಸಿಗೆ ಹತ್ತಿಸಿ ಬಿಗದ್ನಿ. ಗುಂಯ್ ಬಂತು. ಯಜಮಾನ್ರು ಕಣ್ಣು ಮುಚ್ಚಿ ದನಿ ತಗದ್ರು. ಎಲ್ಲಾರೂ ಒಂದ ದನೀಲೆ ಕೂಡಿದ್ರು. ಅಷ್ಟು ಛಂದ ಭಜನಿ ನಾ ಮತ್ತ ಕೇಳಿಲ್ಲ. ನಾಯಿ ವಾಪಸ್ ಬಂದು ಮಲಗಿತು.

ಪದಾ ಮುಗೀತು. ನಾನು ಸಕ್ಕರಿ ತಾಟಿನ ಕಡೆ ನೋಡಿದ್ನಿ. ತಾಳದ ಕಾಕಾ ತಾಟಿನ ಮ್ಯಾಲ ಅಂಗೈ ಇಟ್ಟ.

"ಷರತ್ತು ಏನಿತ್ತು? ಗುಂಯ್ ನಿಲ್ಲಬೇಕು. ಈಗ ಅನ್ನಾಕತ್ತೈತಲ್ಲ?"

"ನಿಲ್ಲಿಸಿದ್ನಲ್ರಿ!" ಅಂದ್ನಿ.

"ಮತ್ತ ಹಚ್ಚೀದಿ."

"ಇವರ ಹಚ್ಚು ಅಂದ್ರು!"

ಯಜಮಾನ್ರು ಇಬ್ರ ಮಾರೀನೂ ನೋಡಿದ್ರು. "ಅಂವ ನಿಲ್ಲಿಸ್ಯಾನ. ಆದ್ರ ನಿಂತಿಲ್ಲ. ನಿಂತಿಲ್ಲ, ಯಾಕಂದ್ರ ನಾನ ಹಚ್ಚು ಅಂದೇನಿ. ಹಂಗಾದ್ರ ಅಂವ ಗೆದ್ನೋ, ಸೋತ್ನೋ?" ಅಂತ ತಮಗ ತಾವ ಕೇಳಿಕೊಂಡ್ರು. ಗುಂಯ್ ಒಂದ ಮಾತಾಡಾಕತ್ತಿತ್ತು.

ಕಾಕಾ ಬಿಡಲಿಲ್ಲ. "ಅದು ನಿಂತಿತ್ತು ಅನ್ನಾಕ ಸಾಕ್ಷಿ ಏನೈತಿ?"

ಬಾಗ್ಲದಾಗಿಂದ ಮಗಳು ಅಂದ್ಲು, "ಅಪ್ಪಾರು ಬೇಸೂರ ಹಾಡಿದ್ರಲ್ರೀ ಕಾಕಾ. ಓಣಿ ಮಂದೆಲ್ಲಾ ಕೇಳ್ಯಾರ. ಇನ್ನೇನ ಸಾಕ್ಷಿ ಬೇಕು?"

ಯಜಮಾನ್ರು ಹೊಟ್ಟಿ ಹಿಡಕೊಂಡು ನಕ್ರು. ಕಾಕಾನ ಕೈ ಸರಿಸಿ, ಮುಟಿಗಿ ತುಂಬ ಸಕ್ಕರಿ ತಗೊಂಡು, ಮೊದಲ ಅವನ ಬಾಯಿ ಮುಚ್ಚಿಸಿದ್ರು.